ದೋಷವು ಯಾರದು?
(ಬಳಕೆದಾರನ ಅನುಭವವನ್ನು ಕುರಿತ ಶಾಸ್ತ್ರದ ಚರಿತ್ರೆ)

೧

ಯಂತ್ರಗಳನ್ನು ಕಂಡುಹಿಡಿದವರ ಚರಿತ್ರೆಯನ್ನು ಬರೆದವರು ಅನೇಕರುಂಟು. ಅವುಗಳನ್ನು ಬಳಸಿದವರ ಚರಿತ್ರೆಯನ್ನು ಬರೆದವರು ವಿರಳ. ಹಬೆಯಂತ್ರವನ್ನೂ ದೂರವಾಣಿಯನ್ನೂ ಗಣಕಯಂತ್ರವನ್ನೂ ನಿರ್ಮಿಸಿದವರ ಹೆಸರುಗಳನ್ನು ಶಾಲೆಯ ಹುಡುಗರೂ ಬಲ್ಲರು. ಆ ಯಂತ್ರಗಳ ಮುಂದೆ ಕುಳಿತ ಸಾಮಾನ್ಯ ಮನುಷ್ಯನು ಅಲ್ಲಿ ಏನನ್ನು ಕಂಡನು, ಏನೆಂದು ಭಾವಿಸಿದನು, ಎಲ್ಲಿ ತಡವರಿಸಿದನು ಎಂಬುದು ಬಹುಕಾಲ ಯಾರ ವಿಚಾರಕ್ಕೂ ಬರಲಿಲ್ಲ. ಈ ಪ್ರಶ್ನೆಗಳನ್ನೇ ಕ್ರಮವಾಗಿ ವಿಚಾರಿಸತಕ್ಕ ಶಾಸ್ತ್ರವೊಂದು ಕಳೆದ ಸುಮಾರು ಎಂಬತ್ತು ವರ್ಷಗಳಲ್ಲಿ ಬೆಳೆದು ಬಂದಿದೆ. ಇದನ್ನು ಈಗ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂದು ಕರೆಯುವುದು ವಾಡಿಕೆ. ನಾವು ಇದನ್ನು ‘ಬಳಕೆದಾರನ ಅನುಭವ’ವೆಂದು ಕರೆಯೋಣ. ಕೈಯಲ್ಲಿ ಹಿಡಿಯುವ ದೂರವಾಣಿ, ಬ್ಯಾಂಕಿನ ತಂತ್ರಾಂಶ, ರೈಲಿನ ಟಿಕೆಟನ್ನು ಕಾದಿರಿಸುವ ಪುಟ, ಇವುಗಳೆಲ್ಲವೂ ಇಂದು ಈ ಶಾಸ್ತ್ರದ ವಿಷಯಗಳಾಗಿವೆ.

ಸಾಹಿತ್ಯದ ವ್ಯಾಸಂಗದಲ್ಲಿರುವವರಿಗೆ ಇದರಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಅದಕ್ಕೆ ಸಮಾಧಾನವು ಹೀಗೆ: ಓಲೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸನು ಲಿಪಿಕಾರನ ತಪ್ಪನ್ನು ಕಂಡು ಅವನನ್ನು ಹಳಿದು ಸುಮ್ಮನಾಗುವುದಿಲ್ಲ. ಯಾವ ಅಕ್ಷರವು ಯಾವುದನ್ನು ಹೋಲುತ್ತದೆ, ಒಂದೇ ಶಬ್ದವು ಸಮೀಪದ ಎರಡು ಸಾಲುಗಳಲ್ಲಿ ಬಂದಾಗ ಕಣ್ಣು ಹೇಗೆ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ, ಪರಿಚಿತವಾದ ಪದವು ಅಪರಿಚಿತವಾದುದರ ಸ್ಥಾನವನ್ನು ಹೇಗೆ ಕಸಿದುಕೊಳ್ಳುತ್ತದೆ ಎಂದು ಅವನು ವಿಚಾರಿಸುತ್ತಾನೆ. ತಪ್ಪಿಗೂ ಒಂದು ನಿಯಮವುಂಟು, ಆ ನಿಯಮವನ್ನು ತಿಳಿದರೆ ತಪ್ಪನ್ನು ತಿದ್ದಬಹುದು ಎಂಬುದೇ ಗ್ರಂಥಸಂಪಾದನೆಯ ಮೂಲಸೂತ್ರ. ಪ್ರಕೃತ ಶಾಸ್ತ್ರವೂ ಇದೇ ಸೂತ್ರದಿಂದ ಹೊರಟಿತು. ಹೊರಟ ಸ್ಥಳ ಮಾತ್ರ ಗ್ರಂಥಭಂಡಾರವಲ್ಲ, ಯುದ್ಧಭೂಮಿ.

೨

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕಾ ದೇಶದ ‘ಬಿ-೧೭’ ಎಂಬ ಬಾಂಬರು ವಿಮಾನಗಳಿಗೆ ಒಂದು ವಿಚಿತ್ರವಾದ ಅಪಘಾತವು ಮತ್ತೆ ಮತ್ತೆ ಸಂಭವಿಸುತ್ತಿತ್ತು. ವಿಮಾನವು ಕ್ಷೇಮವಾಗಿ ನೆಲಕ್ಕಿಳಿದು ಓಡುತ್ತಿರುವಾಗ ಚಾಲಕನು ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಮಡಿಸಬೇಕಾದಲ್ಲಿ ಚಕ್ರಗಳನ್ನೇ ಒಳಕ್ಕೆಳೆದುಬಿಡುವನು. ವಿಮಾನವು ಹೊಟ್ಟೆಯ ಮೇಲೆ ಕುಸಿಯುವುದು. ‘ಚಾಲಕನ ದೋಷ’ವೆಂಬ ಎರಡು ಮಾತುಗಳಲ್ಲಿ ವಿಚಾರಣೆಯು ಮುಗಿಯುತ್ತಿತ್ತು. ೧೯೪೩ರಲ್ಲಿ ಆಲ್ಫೋನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞರು ಸೈನ್ಯದ ವೈಮಾನಿಕ ವೈದ್ಯಕೀಯ ಪ್ರಯೋಗಶಾಲೆಯಲ್ಲಿದ್ದುಕೊಂಡು ಈ ವಿಷಯವನ್ನು ಪರೀಕ್ಷಿಸಿದರು. ಚಕ್ರಗಳ ಹಿಡಿಯೂ ಫ್ಲ್ಯಾಪುಗಳ ಹಿಡಿಯೂ ಪಕ್ಕಪಕ್ಕದಲ್ಲಿದ್ದು ಮುಟ್ಟಿದರೆ ಒಂದೇ ಬಗೆಯಾಗಿದ್ದವು. ಈ ಎರಡೂ ಬೇರೆ ಬೇರೆ ರೀತಿಯಲ್ಲಿ ಜೋಡಣೆಯಾಗಿದ್ದ ‘ಸಿ-೪೭’ ವಿಮಾನದ ಚಾಲಕರಲ್ಲಿ ಈ ತಪ್ಪೇ ಕಾಣಲಿಲ್ಲ. ಮನುಷ್ಯರು ಒಂದೇ ಬಗೆಯವರಾಗಿದ್ದು ಯಂತ್ರವು ಬೇರೆಯಾದಾಗ ತಪ್ಪು ಮಾಯವಾಗುವುದಾದರೆ, ದೋಷವು ಮನುಷ್ಯನಲ್ಲಿದೆಯೆಂದು ಹೇಳುವುದು ಹೇಗೆ?

ಚಪಾನಿಸರು ಸೂಚಿಸಿದ ಪರಿಹಾರವು ಬಹು ಸರಳವಾದುದು. ಚಕ್ರಗಳ ಹಿಡಿಯ ತುದಿಗೆ ರಬ್ಬರಿನ ಸಣ್ಣ ಗಾಲಿಯನ್ನೂ ಫ್ಲ್ಯಾಪಿನ ಹಿಡಿಯ ತುದಿಗೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದರು. ಕಣ್ಣು ಹೊರಗಿದ್ದರೂ ಕೈಯೇ ಹೇಳುವಂತಾಯಿತು. ಚಕ್ರದ ಹಿಡಿಗೆ ಚಕ್ರದ ಆಕಾರವೇ ಇರಬೇಕೆಂಬ ಈ ಪದ್ಧತಿಯು ಇಂದಿಗೂ ವಿಮಾನಗಳಲ್ಲಿ ಉಳಿದುಕೊಂಡಿದೆ.

ಯುದ್ಧವು ಮುಗಿದ ಬಳಿಕ ೧೯೪೭ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬವರು ಇದೇ ವಿಚಾರವನ್ನು ವಿಸ್ತಾರವಾಗಿ ನಡೆಸಿದರು. ಚಾಲಕರಿಂದಲೇ ಅವರವರ ಅನುಭವಗಳನ್ನು ಕೇಳಿ ಬರೆದುಕೊಂಡು, ಹಿಡಿ ಗುಂಡಿಗಳನ್ನು ನಡೆಸುವಲ್ಲಿ ಉಂಟಾದ ೪೬೦ ತಪ್ಪುಗಳನ್ನೂ ಮಾಪಕಗಳನ್ನು ಓದುವಲ್ಲಿ ಉಂಟಾದ ೨೭೦ ತಪ್ಪುಗಳನ್ನೂ ವರ್ಗೀಕರಿಸಿದರು. ಒಂದು ಹಿಡಿಯನ್ನು ಇನ್ನೊಂದೆಂದು ಹಿಡಿಯುವುದು, ಬೇಕಾದಷ್ಟು ತಿರುಗಿಸದಿರುವುದು, ಮರೆಯುವುದು, ತಿರುವುಮುರುವಾಗಿ ತಿರುಗಿಸುವುದು, ತಿಳಿಯದೆ ತಗುಲಿಸುವುದು, ಕೈಗೆ ಎಟುಕದಿರುವುದು, ಹೀಗೆ ಮೊದಲನೆಯ ಗುಂಪಿನಲ್ಲಿ ಆರು ವರ್ಗಗಳಾದುವು. ಇವುಗಳಲ್ಲಿ ಒಂದನ್ನು ಇನ್ನೊಂದೆಂದು ಭ್ರಮಿಸುವ ತಪ್ಪೇ ಅರ್ಧದಷ್ಟಿತ್ತು. ‘ಚಾಲಕನ ದೋಷ’ವೆಂಬ ಮಾತನ್ನು ಅವರು ತಮ್ಮ ವರದಿಯ ಶೀರ್ಷಿಕೆಯಲ್ಲಿ ಉದ್ಧರಣಚಿಹ್ನೆಗಳ ನಡುವೆ ಇಟ್ಟರು. ಅಲ್ಪವಾಗಿ ಕಾಣುವ ಈ ಚಿಹ್ನೆಗಳಲ್ಲಿ ದೊಡ್ಡ ಅರ್ಥವಿದೆ. ಅದುವರೆಗೆ ತೀರ್ಪಾಗಿದ್ದ ಮಾತು ಅಂದಿನಿಂದ ಪ್ರಶ್ನೆಯಾಯಿತು. ತೀರ್ಪು ಪ್ರಶ್ನೆಯಾದ ಈ ಸಂದರ್ಭವನ್ನೇ ನಮ್ಮ ಶಾಸ್ತ್ರದ ಜನ್ಮಕಾಲವೆಂದು ಹೇಳಬಹುದು.

೩

ಯುದ್ಧದಲ್ಲಿ ಹುಟ್ಟಿದ ಈ ವಿಚಾರಕ್ರಮವು ಶಾಂತಿಕಾಲದ ಮನೆಗಳೊಳಕ್ಕೆ ಬಂದುದು ದೂರವಾಣಿಯ ಮೂಲಕ. ೧೯೪೫ರಲ್ಲಿ ಬೆಲ್ ಪ್ರಯೋಗಶಾಲೆಯನ್ನು ಸೇರಿದ ಜಾನ್ ಕಾರ್ಲಿನ್ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿ ಬಳಕೆದಾರರ ಅಭಿರುಚಿ ಸಾಮರ್ಥ್ಯಗಳನ್ನು ಪರಿಶೀಲಿಸುವ ವಿಭಾಗವೊಂದನ್ನು ಕಟ್ಟಿದರು. ದೂರವಾಣಿಯ ಹುರಿಯನ್ನು ಎಷ್ಟು ಮೋಟು ಮಾಡಬಹುದೆಂದು ತಿಳಿಯಲು ಸಹೋದ್ಯೋಗಿಗಳ ಕೊಠಡಿಗಳಲ್ಲಿದ್ದ ಹುರಿಗಳನ್ನು ಅವರು ಗುಟ್ಟಾಗಿ ಆಗಾಗ ಒಂದೊಂದು ಅಂಗುಲ ಕತ್ತರಿಸಿಡುತ್ತಿದ್ದರೆಂದೂ, ಸುಮಾರು ಒಂದು ಅಡಿ ಕಡಿಮೆಯಾಗುವ ತನಕ ಯಾರೂ ಗಮನಿಸಲಿಲ್ಲವೆಂದೂ ಒಂದು ಕಥೆಯನ್ನು ಹೇಳುತ್ತಾರೆ. ಜನರನ್ನು ನೇರವಾಗಿ ಕೇಳಿದ್ದರೆ ‘ಹುರಿ ಮೋಟಾಗಬಾರದು’ ಎಂದೇ ಎಲ್ಲರೂ ಹೇಳುತ್ತಿದ್ದರು. ಮಾತಿಗೂ ನಡತೆಗೂ ಇರುವ ಅಂತರವು ಈ ಶಾಸ್ತ್ರದ ಎರಡನೆಯ ಪಾಠ.

ತಿರುಗಿಸುವ ಬಿಲ್ಲೆಯ ಬದಲು ಒತ್ತುವ ಗುಂಡಿಗಳನ್ನು ಇಡಬೇಕೆಂದು ಆಲೋಚಿಸಿದಾಗ ಹತ್ತು ಅಂಕೆಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ಪ್ರಶ್ನೆ ಹುಟ್ಟಿತು. ಐದೈದರ ಎರಡು ಸಾಲು, ಹಳೆಯ ಬಿಲ್ಲೆಯಂತೆ ವರ್ತುಲ, ಲೆಕ್ಕದ ಯಂತ್ರದಂತೆ ಕೆಳಗಿನಿಂದ ಮೇಲಕ್ಕೆ ಏರುವ ಚೌಕ, ಹೀಗೆ ಹಲವು ವಿನ್ಯಾಸಗಳನ್ನು ಮಾಡಿ ಜನರಿಂದ ಒತ್ತಿಸಿ ನೋಡಿದರು. ಇಷ್ಟ, ವೇಗ, ತಪ್ಪು ಎಂಬ ಮೂರನ್ನೂ ಪ್ರತ್ಯೇಕವಾಗಿ ಅಳೆದರು. ಡೈನಿಂಜರ್ ಎಂಬವರು ೧೯೬೦ರಲ್ಲಿ ಪ್ರಕಟಿಸಿದ ವರದಿಯಿಂದ ತಿಳಿಯುವುದೇನೆಂದರೆ, ಉತ್ತಮ ವಿನ್ಯಾಸಗಳ ನಡುವೆ ವೇಗದ ವ್ಯತ್ಯಾಸವು ಅಲ್ಪವೇ ಆಗಿತ್ತು. ಮೂರು ಸಾಲುಗಳ ಚೌಕ, ಅದರ ಕೆಳಗೆ ಸೊನ್ನೆ ಎಂಬ ಜೋಡಣೆಯು ನಿರ್ಮಾಣಕ್ಕೂ ಅನುಕೂಲವಾಗಿದ್ದುದರಿಂದ ಅದನ್ನೇ ಅಂಗೀಕರಿಸಿದರು. ೧೯೬೩ನೆಯ ನವೆಂಬರ್ ೧೮ರಂದು ಪೆನ್ಸಿಲ್ವೇನಿಯಾ ಸಂಸ್ಥಾನದ ಕಾರ್ನೆಗಿ ಮತ್ತು ಗ್ರೀನ್ಸ್‌ಬರ್ಗ್ ಎಂಬ ಊರುಗಳಲ್ಲಿ ಈ ದೂರವಾಣಿಯು ಸಾರ್ವಜನಿಕರ ಕೈಗೆ ಬಂದಿತು. ಇಂದು ನಮ್ಮ ಹಳ್ಳಿಯ ಮುದುಕಿಯು ಮೊಮ್ಮಗನಿಗೆ ಕರೆ ಮಾಡುವಾಗ ಬೆರಳಿಡುವ ಅಂಕೆಗಳ ಕ್ರಮವು ಅಂದು ಗೊತ್ತಾದುದೇ ಆಗಿದೆ. ಒಮ್ಮೆ ನೆಲೆನಿಂತ ವಿನ್ಯಾಸವು ಲಿಪಿಯಂತೆ. ಅದು ತನ್ನನ್ನು ಹುಟ್ಟಿಸಿದ ಯಂತ್ರವು ಅಳಿದ ಮೇಲೂ ಉಳಿಯುತ್ತದೆ.

೪

ಗಣಕಯಂತ್ರದ ಕಾಲಕ್ಕೆ ಬಂದರೆ, ಮೊದಲ ಬಳಕೆದಾರರು ಬಹುಮಟ್ಟಿಗೆ ಅದರ ನಿರ್ಮಾಪಕರೇ ಆಗಿದ್ದರು. ತಾವು ಮಾಡಿದುದು ತಮಗೆ ತಿಳಿಯುತ್ತದೆ; ಆದುದರಿಂದ ಪರರಿಗೆ ತಿಳಿಯುವುದೋ ಇಲ್ಲವೋ ಎಂಬ ಸಂದೇಹವೇ ಅವರಿಗೆ ಬರಲಿಲ್ಲ. ಈ ಸ್ಥಿತಿಯು ಬದಲಾಗಲು ಕಾರಣರಾದವರಲ್ಲಿ ಪುಸ್ತಕ ಪ್ರಕಾಶನದ ಸಂಪಾದಕರೂ ಇದ್ದರೆಂಬುದು ಸಾಹಿತ್ಯದ ಅಧ್ಯಾಪಕರು ಅವಶ್ಯವಾಗಿ ಅರಿಯಬೇಕಾದ ವಿಷಯ.

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ನಗರದಲ್ಲಿ ಝೆರಾಕ್ಸ್ ಸಂಸ್ಥೆಯು ೧೯೭೦ರಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ‘ಬ್ರಾವೋ’ ಎಂಬ ಬರವಣಿಗೆಯ ತಂತ್ರಾಂಶವು ೧೯೭೪ರಲ್ಲಿ ಸಿದ್ಧವಾಯಿತು. ಅದರಲ್ಲಿ ಒಂದೇ ಕೀಲಿಯು ಒಂದು ಸ್ಥಿತಿಯಲ್ಲಿ ಅಕ್ಷರವನ್ನೂ ಇನ್ನೊಂದು ಸ್ಥಿತಿಯಲ್ಲಿ ಆಜ್ಞೆಯನ್ನೂ ಸೂಚಿಸುತ್ತಿತ್ತು. ಬರೆಯುವ ಸ್ಥಿತಿಯಲ್ಲಿರುವೆನೆಂದು ಭಾವಿಸಿ ಒಬ್ಬನು ‘ಎಡಿಟ್’ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳನ್ನು ಒತ್ತಿದನೆನ್ನಿ. ಯಂತ್ರವು ಆಜ್ಞೆಯ ಸ್ಥಿತಿಯಲ್ಲಿದ್ದರೆ ಮೊದಲ ಅಕ್ಷರವು ‘ಎಲ್ಲವನ್ನೂ ಆರಿಸು’, ಎರಡನೆಯದು ‘ಅಳಿಸು’, ಮೂರನೆಯದು ‘ಸೇರಿಸು’ ಎಂದಾಗಿ, ಬರೆದ ಗ್ರಂಥವೆಲ್ಲವೂ ಹೋಗಿ ಅದರ ಸ್ಥಳದಲ್ಲಿ ‘ಟಿ’ ಎಂಬ ಒಂದು ಅಕ್ಷರವು ಮಾತ್ರ ನಿಲ್ಲುತ್ತಿತ್ತು! ಬಿ-೧೭ರ ಎರಡು ಹಿಡಿಗಳಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಹೊರಗೆ ಒಂದೇ ರೂಪ, ಒಳಗೆ ಬೇರೆ ಬೇರೆ ಫಲ.

ಝೆರಾಕ್ಸಿಗೆ ಸೇರಿದ ಗಿನ್ ಎಂಬ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಗೆ ಒಂದು ತಂತ್ರಾಂಶವನ್ನು ಮಾಡಿಕೊಡುವ ಕೆಲಸವು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬವರ ಪಾಲಿಗೆ ಬಂದಿತು. ಅವರು ಯಂತ್ರದಿಂದ ಆರಂಭಿಸಲಿಲ್ಲ. ಸಂಪಾದಕರು ಕಾಗದದ ಮೇಲೆ ಕೆಲಸ ಮಾಡುವ ರೀತಿಯಿಂದ ಆರಂಭಿಸಿದರು. ಗಣಕದ ಅಭ್ಯಾಸವಿಲ್ಲದವರನ್ನು ಬರಿಯ ತೆರೆಯ ಮುಂದೆ ಕೂರಿಸಿ, ‘ಇಲ್ಲಿ ಒಂದು ಪುಟವಿದೆಯೆಂದು ಭಾವಿಸಿ, ಇದನ್ನು ಹೇಗೆ ತಿದ್ದುವಿರಿ?’ ಎಂಬರ್ಥದಲ್ಲಿ ಕೇಳಿದರು. ಸಂಪಾದಕರು ಕತ್ತರಿಯಿಂದ ಕತ್ತರಿಸಿ ಗೋಂದಿನಿಂದ ಅಂಟಿಸುವವರು. ಆ ಕೈಗಾರಿಕೆಯ ಮಾತುಗಳೇ ಯಂತ್ರದ ಆಜ್ಞೆಗಳಾದುವು. ೧೯೭೫ರಲ್ಲಿ ಸಿದ್ಧವಾದ ‘ಜಿಪ್ಸಿ’ ಎಂಬ ಆ ತಂತ್ರಾಂಶದಲ್ಲಿ ಸ್ಥಿತಿಭೇದದ ತೊಡಕನ್ನು ಆದಷ್ಟು ನಿವಾರಿಸಿದ್ದರು. ಇಂದು ನಾವು ಕನ್ನಡದಲ್ಲಿ ಒಂದು ಪದ್ಯವನ್ನು ಒಂದು ಪುಟದಿಂದ ಇನ್ನೊಂದಕ್ಕೆ ‘ಕತ್ತರಿಸಿ ಅಂಟಿಸು’ವಾಗ ಆ ಸಂಪಾದಕರ ಮೇಜಿನ ಮೇಲಿದ್ದ ಕತ್ತರಿಯನ್ನೇ ಕೈಗೆತ್ತಿಕೊಳ್ಳುತ್ತೇವೆ.

ಅದೇ ಸಂಸ್ಥೆಯು ೧೯೮೧ರಲ್ಲಿ ಹೊರತಂದ ‘ಸ್ಟಾರ್’ ಯಂತ್ರವನ್ನು ನಿರ್ಮಿಸುವಾಗ ಮೌಸಿನ ಗುಂಡಿಗಳು ಹೇಗೆ ಕೆಲಸ ಮಾಡಬೇಕು, ತೆರೆಯ ಮೇಲಣ ಚಿಕ್ಕ ಚಿತ್ರಗಳು ಹೇಗಿರಬೇಕು ಎಂಬುದನ್ನು ಜನರ ಮೇಲೆ ಪರೀಕ್ಷಿಸಿಯೇ ಗೊತ್ತುಮಾಡಿದರು. ಆದರೂ ಆ ಯಂತ್ರವು ಪೇಟೆಯಲ್ಲಿ ಗೆಲ್ಲಲಿಲ್ಲ. ಬೆಲೆಯು ಹದಿನಾರು ಸಾವಿರ ಡಾಲರುಗಳಷ್ಟಿತ್ತು. ಬಳಸಲು ಸುಲಭವಾಗಿದ್ದ ಮಾತ್ರಕ್ಕೆ ಕೊಳ್ಳಲು ಸುಲಭವಾಗಲಿಲ್ಲ.

೫

ಪರೀಕ್ಷೆಯ ವಿಧಾನಗಳು ಈ ಕಾಲದಲ್ಲಿಯೇ ಶಾಸ್ತ್ರರೂಪವನ್ನು ಪಡೆದುವು. ಅವುಗಳಲ್ಲಿ ಒಂದನ್ನು ಇಲ್ಲಿ ವರ್ಣಿಸಬಹುದು. ಮಾತನ್ನು ಕೇಳಿ ಬರೆದುಕೊಳ್ಳುವ ಯಂತ್ರವಿದ್ದರೆ ಜನರು ಅದನ್ನು ಹೇಗೆ ಬಳಸುವರೆಂದು ಐ.ಬಿ.ಎಂ. ಸಂಸ್ಥೆಯ ಜಾನ್ ಗೂಲ್ಡ್ ಮತ್ತು ಅವರ ಸಂಗಡಿಗರು ತಿಳಿಯಬಯಸಿದರು. ಅಂಥ ಯಂತ್ರವು ಆಗ ಇರಲಿಲ್ಲ. ಆದುದರಿಂದ ಮರೆಯಲ್ಲಿ ಒಬ್ಬ ಬೆರಳಚ್ಚುಗಾರರನ್ನು ಕೂರಿಸಿ, ಹೊರಗಿನವನು ಹೇಳಿದ ಮಾತು ತೆರೆಯ ಮೇಲೆ ತಾನಾಗಿಯೇ ಮೂಡುವಂತೆ ತೋರಿಸಿದರು. ಯಂತ್ರಕ್ಕೆ ಸಾವಿರ ಶಬ್ದಗಳು ಮಾತ್ರ ಗೊತ್ತಿದ್ದರೇನು, ಐದು ಸಾವಿರವಾದರೇನು, ಬಿಡಿಬಿಡಿಯಾಗಿ ನುಡಿಯಬೇಕಾದರೇನು, ಒಂದೇ ಸಮನೆ ನುಡಿದರೇನು ಎಂದು ತುಲನೆ ಮಾಡಿ ೧೯೮೩ರಲ್ಲಿ ಪ್ರಕಟಿಸಿದರು. ತೆರೆಯ ಹಿಂದೆ ಸೂತ್ರಧಾರನಿದ್ದು ಮುಂದೆ ಗೊಂಬೆ ಆಡುವ ನಮ್ಮ ಸೂತ್ರದ ಗೊಂಬೆಯಾಟವನ್ನು ಇದು ನೆನಪಿಗೆ ತರುತ್ತದೆ. ಮಾಡಿ ಕೆಡಿಸುವುದಕ್ಕಿಂತ ಮಾಡುವ ಮುನ್ನವೇ ಕೆಡಿಸಿ ನೋಡುವುದು ಮೇಲೆಂಬುದು ಇದರ ತಾತ್ಪರ್ಯ. ೧೯೮೪ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ ಕ್ರೀಡೆಗಳಿಗಾಗಿ ಧ್ವನಿಸಂದೇಶದ ವ್ಯವಸ್ಥೆಯನ್ನು ಏರ್ಪಡಿಸುವಾಗಲೂ ಗೂಲ್ಡರು ಬಳಕೆದಾರರ ಕೈಪಿಡಿಯನ್ನು ಬಹು ಮೊದಲೇ ಬರೆದು ಜನರಿಗೆ ತೋರಿಸಿ ತಿದ್ದಿದರು. ಮೊದಲಿನಿಂದಲೂ ಬಳಕೆದಾರನ ಕಡೆ ದೃಷ್ಟಿ, ಅಳತೆಯಿಂದ ಕೂಡಿದ ಪರೀಕ್ಷೆ, ಮತ್ತೆ ಮತ್ತೆ ತಿದ್ದುವಿಕೆ ಎಂಬ ಮೂರು ಸೂತ್ರಗಳನ್ನು ಅವರೂ ಕ್ಲೇಟನ್ ಲೂಯಿಸರೂ ೧೯೮೫ರಲ್ಲಿ ಸಾರಿದರು.

ಇದರ ನಡುವೆ ‘ದೋಷವು ಯಾರದು?’ ಎಂಬ ಹಳೆಯ ಪ್ರಶ್ನೆಯು ಘೋರವಾದ ರೂಪದಲ್ಲಿ ಮತ್ತೊಮ್ಮೆ ಎದ್ದುನಿಂತಿತು. ೧೯೭೯ನೆಯ ಮಾರ್ಚಿ ೨೮ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡಿನ ಪರಮಾಣುಸ್ಥಾವರದಲ್ಲಿ ಒಂದು ಕವಾಟವು ತೆರೆದೇ ಉಳಿದು ತಣ್ಣೀರು ಸೋರಿಹೋಗುತ್ತಿತ್ತು. ನಿಯಂತ್ರಣದ ಕೊಠಡಿಯ ದೀಪವಾದರೋ ಕವಾಟವು ಮುಚ್ಚಿದೆಯೆಂದೇ ಸೂಚಿಸುತ್ತಿತ್ತು. ಏಕೆಂದರೆ ಆ ದೀಪವು ಕವಾಟದ ನಿಜಸ್ಥಿತಿಯನ್ನು ತೋರಿಸುತ್ತಿರಲಿಲ್ಲ. ಮುಚ್ಚಬೇಕೆಂಬ ಆಜ್ಞೆ ಹೋಗಿದೆಯೆಂಬುದನ್ನು ಮಾತ್ರ ತೋರಿಸುತ್ತಿತ್ತು. ಆಜ್ಞೆಯನ್ನು ಕೊಟ್ಟುದಕ್ಕೂ ಕಾರ್ಯವು ನಡೆದುದಕ್ಕೂ ಇರುವ ಅಂತರವನ್ನು ಯಾವ ಆಡಳಿತಗಾರನಾದರೂ ಬಲ್ಲನು. ಸಾವಿರಾರು ಜನರ ಪ್ರಾಣವನ್ನು ಕಾಯುವ ದೀಪಕ್ಕೆ ಅದು ಗೊತ್ತಿರಲಿಲ್ಲ. ನೌಕರರು ತಪ್ಪಿದರೆಂಬುದು ನಿಜ. ಅವರು ನಂಬಿದ ದೀಪವು ಅವರನ್ನು ತಪ್ಪಿಸಿತೆಂಬುದೂ ಅಷ್ಟೇ ನಿಜ.

ಈ ದುರ್ಘಟನೆಯನ್ನು ಪರಿಶೀಲಿಸಿದವರಲ್ಲಿ ಒಬ್ಬರಾದ ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರು ೧೯೮೮ರಲ್ಲಿ ಬಾಗಿಲು ನಲ್ಲಿ ಒಲೆಗಳಂಥ ನಿತ್ಯದ ವಸ್ತುಗಳ ವಿನ್ಯಾಸವನ್ನು ಕುರಿತು ಪ್ರಸಿದ್ಧವಾದ ಗ್ರಂಥವೊಂದನ್ನು ಬರೆದರು. ೧೯೯೩ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿ ತಮ್ಮ ಹುದ್ದೆಯ ಹೆಸರಿನಲ್ಲಿಯೇ ‘ಬಳಕೆದಾರನ ಅನುಭವ’ವೆಂಬ ಮಾತನ್ನು ಸೇರಿಸಿಕೊಂಡರು. ಈ ಶಾಸ್ತ್ರದ ಹೆಸರು ಪ್ರಚಾರಕ್ಕೆ ಬಂದುದು ಹೀಗೆ. ಇದೇ ದಶಕಗಳಲ್ಲಿ ಲೂಸಿ ಸಚ್‌ಮನ್ ಎಂಬ ಮಾನವಶಾಸ್ತ್ರಜ್ಞೆಯು ನಕಲುಯಂತ್ರದ ಮುಂದೆ ಜನರು ಮಾಡುವುದನ್ನೂ ಆಡುವುದನ್ನೂ ಚಲನಚಿತ್ರವಾಗಿ ಹಿಡಿದು ಪರಿಶೀಲಿಸಿ, ೧೯೮೭ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹಾಗೆ ಹಿಡಿದ ಚಿತ್ರವೊಂದರಲ್ಲಿ ಗಣಕಶಾಸ್ತ್ರದ ಪಂಡಿತರಿಬ್ಬರೇ ಹಾಳೆಯ ಎರಡು ಮಗ್ಗುಲಿಗೂ ಪ್ರತಿಮಾಡಲಾರದೆ ತೊಳಲಾಡುವರು. ಪಂಡಿತನಿಗೇ ಹೀಗಾದ ಮೇಲೆ ‘ಬಳಕೆದಾರನು ಅಜ್ಞ’ನೆಂಬ ಸಮಾಧಾನಕ್ಕೆ ಆಸ್ಪದವೆಲ್ಲಿ?

೬

ಇಲ್ಲಿಯವರೆಗಿನ ವಿಚಾರದಲ್ಲಿ ಬಳಕೆದಾರನು ಪರೀಕ್ಷೆಗೊಳಗಾದವನೇ ಹೊರತು ನಿರ್ಣಯಿಸುವವನಲ್ಲ. ಉತ್ತರ ಯೂರೋಪಿನ ದೇಶಗಳಲ್ಲಿ ಇದಕ್ಕೆ ಬೇರೊಂದು ದಾರಿ ಹುಟ್ಟಿತು. ೧೯೭೦ರ ದಶಕದ ಆರಂಭದಲ್ಲಿ ನಾರ್ವೆ ದೇಶದ ಕ್ರಿಸ್ಟೆನ್ ನಿಗಾರ್ಡ್ ಎಂಬ ಗಣಕವಿದ್ವಾಂಸರು ಲೋಹದ ಕೆಲಸಗಾರರ ಸಂಘದೊಡನೆ ಕೂಡಿ, ಕಾರ್ಖಾನೆಗೆ ಬರತಕ್ಕ ಯಂತ್ರಗಳ ವಿಷಯದಲ್ಲಿ ಕೆಲಸಗಾರರಿಗೂ ಮಾತಿರಬೇಕೆಂದು ಹೊರಟರು. ೧೯೮೧ರಿಂದ ೧೯೮೫ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕುಗಳ ವಿದ್ವಾಂಸರು ಮುದ್ರಣ ಕಾರ್ಮಿಕರ ಸಂಘದೊಡನೆ ‘ಯುಟೋಪಿಯಾ’ ಎಂಬ ಯೋಜನೆಯನ್ನು ನಡೆಸಿದರು. ಮೊಳೆ ಜೋಡಿಸುವವರ ಕಸುಬು ಅಳಿಯುತ್ತಿದ್ದ ಕಾಲವದು. ವೃತ್ತಪತ್ರಿಕೆಯ ಪುಟವನ್ನು ಗಣಕದ ಮೇಲೆ ಕಟ್ಟುವುದು ಹೇಗಿರಬೇಕೆಂಬುದನ್ನು, ತಲೆಮಾರುಗಳಿಂದ ಪುಟ ಕಟ್ಟಿದವರೇ ಹೇಳಲೆಂದು ಪೆಲ್ಲೆ ಎನ್ ಮೊದಲಾದವರು ಬಯಸಿದರು. ದುಬಾರಿಯಾದ ಯಂತ್ರಗಳಿಗೆ ಬದಲಾಗಿ ರಟ್ಟಿನ ಪೆಟ್ಟಿಗೆಗಳನ್ನು ಇಟ್ಟು, ಅವುಗಳ ಮೇಲೆ ‘ಇದು ಮುದ್ರಣಯಂತ್ರ’ ಎಂಬಂತೆ ಹೆಸರು ಬರೆದು, ಕೆಲಸವನ್ನು ಅಭಿನಯಿಸಿ ನೋಡಿದರು. ರಟ್ಟಿನ ಪೆಟ್ಟಿಗೆಯನ್ನು ಟೀಕಿಸಲು ಯಾರೂ ಅಂಜುವುದಿಲ್ಲ. ಅದನ್ನು ಕತ್ತರಿಸಿ ಬೇರೆ ಮಾಡಲು ಎಂಜಿನಿಯರೂ ಬೇಕಾಗಿಲ್ಲ. ‘ಬಳಕೆದಾರನಿಗೆ ಏನು ಸುಲಭ?’ ಎಂಬ ಪ್ರಶ್ನೆಯು ಇಲ್ಲಿ ‘ಬಳಕೆದಾರನ ಕುಶಲತೆಯು ಉಳಿಯುವುದು ಹೇಗೆ?’ ಎಂದು ತಿರುಗಿತು.

೭

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಭಾಗವುಂಟು. ಕನ್ನಡ ಅಕ್ಷರಗಳಿಗೆ ೧೯೯೧ರಲ್ಲಿ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನವು ದೊರೆಯಿತು. ಆದರೆ ಯಂತ್ರದೊಳಗೆ ಅಕ್ಷರಕ್ಕೆ ಸ್ಥಾನವಿರುವುದು ಬೇರೆ, ಬೆರಳಿಗೆ ಆ ಅಕ್ಷರವು ದೊರೆಯುವುದು ಬೇರೆ. ಇಲ್ಲಿ ಎರಡು ಮಾರ್ಗಗಳು ಕಂಡುಬಂದುವು. ಭಾರತ ಸರ್ಕಾರವು ೧೯೮೦ರ ದಶಕದಲ್ಲಿ ಗೊತ್ತುಮಾಡಿದ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯು ವರ್ಣಮಾಲೆಯ ಶಾಸ್ತ್ರವನ್ನು ಅನುಸರಿಸಿ ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಹುಮಟ್ಟಿಗೆ ಬಲಗೈಗೂ ಹಂಚಿತು. ಭಾರತದ ಹಲವು ಲಿಪಿಗಳಿಗೆ ಅದು ಒಂದೇ. ಕೆ. ಪಿ. ರಾವ್ ಅವರ ಕೀಲಿಮಣೆಯಾದರೋ ಧ್ವನಿಸಾಮ್ಯವನ್ನು ಅನುಸರಿಸಿ, ಇಂಗ್ಲಿಷಿನ ‘ಕೆ’ ಕೀಲಿಯಲ್ಲಿ ಕಕಾರವನ್ನಿಟ್ಟು, ವ್ಯಂಜನದಲ್ಲಿ ಅಕಾರವು ಅಡಗಿದೆಯೆಂಬ ನಮ್ಮ ಲಿಪಿಯ ಸ್ವಭಾವವನ್ನೂ ಉಳಿಸಿಕೊಂಡಿತು. ಈ ಕ್ರಮವನ್ನು ಆಧಾರವಾಗಿಟ್ಟುಕೊಂಡ ಕೀಲಿಮಣೆಯನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ‘ನುಡಿ’ ತಂತ್ರಾಂಶದ ಮೂಲಕ ಅದು ಕಚೇರಿಗಳಿಗೂ ಮುದ್ರಣಾಲಯಗಳಿಗೂ ಹಬ್ಬಿತು. ಒಂದು ಮಾರ್ಗವು ಲಿಪಿಯ ರಚನೆಯನ್ನು ಪ್ರಮಾಣವಾಗಿ ಹಿಡಿಯಿತು, ಇನ್ನೊಂದು ಬೆರಳಿಗೆ ಆಗಲೇ ಆಗಿರುವ ಅಭ್ಯಾಸವನ್ನು. ಎರಡನೆಯದು ಸುಲಭವೆಂದು ಬಹುಜನರಿಗೆ ತೋರಿದರೆ ಅದು ಸಹಜವೇ. ಆದರೆ ಆ ಸೌಲಭ್ಯವು ಇಂಗ್ಲಿಷ್ ಅಕ್ಷರಗಳ ಪರಿಚಯವುಳ್ಳವನಿಗೆ ಮಾತ್ರ. ‘ಸುಲಭ’ವೆಂಬ ಮಾತಿನ ಹಿಂದೆ ‘ಯಾರಿಗೆ?’ ಎಂಬ ಪ್ರಶ್ನೆಯು ಯಾವಾಗಲೂ ಅಡಗಿರುತ್ತದೆ.

ಯಾವ ಅಕ್ಷರವನ್ನೂ ಅರಿಯದವರ ಮಾತೇನು? ಇದನ್ನು ಬೆಂಗಳೂರಿನಲ್ಲಿಯೇ ವಿಚಾರಿಸಿದವರುಂಟು. ೨೦೦೫ರಲ್ಲಿ ಈ ನಗರದಲ್ಲಿ ಸ್ಥಾಪಿತವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಇಂದ್ರಾಣಿ ಮೇಧಿ ಮತ್ತು ಅವರ ಸಹೋದ್ಯೋಗಿಗಳು ನಗರದ ಕೊಳೆಗೇರಿಗಳಲ್ಲಿ ವಾಸಿಸುವ ಮನೆಗೆಲಸದ ಹೆಂಗಸರ ನಡುವೆ ಕೆಲಸ ಮಾಡಿ, ಅಕ್ಷರಗಳಿಲ್ಲದೆ ಚಿತ್ರ ಧ್ವನಿಗಳಿಂದಲೇ ನಡೆಯುವ, ಕೆಲಸವನ್ನು ಹುಡುಕಿಕೊಡುವ ಒಂದು ತಂತ್ರಾಂಶವನ್ನು ರಚಿಸಿ ೨೦೦೬ರಲ್ಲಿ ಆ ವಿಷಯವನ್ನು ಪ್ರಕಟಿಸಿದರು. ಚಿತ್ರವು ಎಲ್ಲರಿಗೂ ತಾನಾಗಿಯೇ ಅರ್ಥವಾಗುವುದೆಂಬ ನಂಬಿಕೆಯು ಇಲ್ಲಿ ನಿಲ್ಲಲಿಲ್ಲ. ಕೆಲಸದ ಸ್ಥಳವನ್ನೂ ಸಾಮಾನನ್ನೂ ಬರೆದು ತೋರಿಸಿದರೆ ಅವರು ಸ್ಥಳವನ್ನೂ ಸಾಮಾನನ್ನೂ ಕಂಡರೇ ಹೊರತು ಕೆಲಸವನ್ನು ಕಾಣಲಿಲ್ಲ. ನಲ್ಲಿಯಿಂದ ನೀರು ಸುರಿಯುವಂತೆ, ಕ್ರಿಯೆಯು ನಡೆಯುತ್ತಿರುವಂತೆ ಬರೆದಾಗ ‘ತೊಳೆಯುವುದು’ ಎಂಬ ಅರ್ಥವು ಮೂಡಿತು. ಚಿತ್ರಕ್ಕೂ ವ್ಯಾಕರಣವುಂಟು, ಅದರಲ್ಲಿ ನಾಮಪದ ಕ್ರಿಯಾಪದಗಳ ಭೇದವೂ ಉಂಟು ಎಂಬುದು ಇದರಿಂದ ತಿಳಿಯುತ್ತದೆ. ಇನ್ನೂ ಮುಖ್ಯವಾದ ಮಾತೊಂದುಂಟು. ಈ ಪೆಟ್ಟಿಗೆಯು ತಮಗೇಕೆ ಕೆಲಸವನ್ನು ತಿಳಿಸುತ್ತದೆ, ಅದರ ಹಿಂದೆ ಯಾರಿದ್ದಾರೆ ಎಂಬುದೇ ಆ ಹೆಂಗಸರಿಗೆ ಸ್ಪಷ್ಟವಾಗಿರಲಿಲ್ಲ. ಯಜಮಾನಿಯು ಕೆಲಸದವಳು ಬೇಕೆಂದು ತಿಳಿಸುವುದು, ಅದು ಯಂತ್ರಕ್ಕೆ ಸೇರುವುದು, ಕೆಲಸ ಹುಡುಕುವವಳು ಅದನ್ನು ಕಾಣುವುದು, ಇವೆಲ್ಲವನ್ನೂ ಕಥೆಯಾಗಿ ಅಭಿನಯಿಸಿದ ಚಿತ್ರವನ್ನು ಮೊದಲು ತೋರಿಸಿದಾಗ ಬಳಕೆಯು ಸುಗಮವಾಯಿತು. ಪೀಠಿಕೆಯಿಲ್ಲದ ಕಾವ್ಯವನ್ನು ಹೊಸ ಓದುಗನ ಕೈಗಿತ್ತು ಅವನು ರಸವನ್ನರಿಯನೆಂದು ದೂರುವ ಅಧ್ಯಾಪಕನು ಈ ಪ್ರಸಂಗವನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

೮

ಚರಿತ್ರೆಯು ಇಲ್ಲಿಗೇ ಮುಗಿದಿದ್ದರೆ ಅದು ಸುಖಾಂತವಾಗುತ್ತಿತ್ತು. ಆದರೆ ಮನುಷ್ಯನ ಕಣ್ಣು ಎಲ್ಲಿ ಜಾರುತ್ತದೆ, ಬೆರಳು ಎಲ್ಲಿ ತಪ್ಪುತ್ತದೆ ಎಂದು ಅರಿತವನು ಅವನನ್ನು ಬೀಳದಂತೆ ತಡೆಯಲೂ ಬಲ್ಲನು, ಬೇಕಾದೆಡೆಯಲ್ಲಿ ಬೀಳಿಸಲೂ ಬಲ್ಲನು. ೨೦೧೦ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬವರು ಇಂಥ ಮೋಸದ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿಟ್ಟರು. ನಾವು ಇದನ್ನು ‘ಕಪಟ ವಿನ್ಯಾಸ’ವೆನ್ನಬಹುದು. ಇಲ್ಲದ ಆತುರವನ್ನು ಹುಟ್ಟಿಸುವುದು, ಗ್ರಾಹಕನು ಆರಿಸದ ವಸ್ತುವನ್ನು ಅವನ ಬುಟ್ಟಿಗೆ ಸೇರಿಸುವುದು, ಬೇಡವೆಂದವನನ್ನು ನಾಚಿಸುವುದು, ಚಂದಾದಾರನಾದವನಿಗೆ ಹೊರಹೋಗುವ ಬಾಗಿಲನ್ನು ಬಚ್ಚಿಡುವುದು ಮುಂತಾದುವು ಇದರ ಪ್ರಭೇದಗಳು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ನೆಯ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಇಂಥ ೧೩ ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ.

ಪರೀಕ್ಷೆಯ ವಿಧಾನವೂ ಕಳಂಕದಿಂದ ಪಾರಾಗಲಿಲ್ಲ. ೨೦೧೨ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ ಸಂಸ್ಥೆಯು ೬,೮೯,೦೦೩ ಬಳಕೆದಾರರಿಗೆ ಕಾಣುವ ಸಮಾಚಾರಗಳಲ್ಲಿ ಹರ್ಷದ ಅಥವಾ ದುಃಖದ ಮಾತುಗಳನ್ನು ಕಡಿಮೆಮಾಡಿ, ಅದರಿಂದ ಅವರ ಬರವಣಿಗೆಯ ಭಾವವು ಬದಲಾಗುವುದೋ ಎಂದು ನೋಡಿತು. ೨೦೧೪ರಲ್ಲಿ ಇದು ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ದೊಡ್ಡ ಆಕ್ಷೇಪವೆದ್ದಿತು. ಆ ಪತ್ರಿಕೆಯೇ ತನ್ನ ಸಂದೇಹವನ್ನು ಪ್ರಕಟಿಸಬೇಕಾಯಿತು. ಕಂಡುಬಂದ ವ್ಯತ್ಯಾಸವು ಅತ್ಯಲ್ಪವಾದುದು; ಆದರೆ ಆಕ್ಷೇಪವು ವ್ಯತ್ಯಾಸದ ಪ್ರಮಾಣವನ್ನು ಕುರಿತದ್ದಲ್ಲ. ತಾವು ಪರೀಕ್ಷೆಯಲ್ಲಿರುವೆವೆಂದು ಆ ಜನರಿಗೆ ಯಾರೂ ತಿಳಿಸಿರಲಿಲ್ಲ. ಫಿಟ್ಸ್ ಮತ್ತು ಜೋನ್ಸರು ಚಾಲಕರನ್ನು ಕೇಳಿ ಅವರ ಅನುಭವವನ್ನು ಬರೆದುಕೊಂಡರು. ಇಲ್ಲಿಯಾದರೋ ಅನುಭವಿಸುವವನಿಗೇ ತಿಳಿಯದಂತೆ ಅವನ ಅನುಭವವನ್ನು ತಿದ್ದಿದರು.

೯

ಈ ಎಂಬತ್ತು ವರ್ಷಗಳ ವೃತ್ತಾಂತದಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹಿಸೋಣ. ತಪ್ಪಿಗೆ ಬಳಕೆದಾರನನ್ನು ದೂರುವುದು ವಿಚಾರದ ಕೊನೆಯಲ್ಲ, ಮೊದಲು. ಜನರ ಮಾತನ್ನೂ ನಡತೆಯನ್ನೂ ಬೇರೆಯಾಗಿ ನೋಡಬೇಕು. ‘ಬಳಕೆದಾರ’ನೆಂಬ ಏಕವಚನದ ಹಿಂದೆ ವಿಮಾನದ ಚಾಲಕ, ಪುಸ್ತಕದ ಸಂಪಾದಕ, ಮೊಳೆ ಜೋಡಿಸುವವನು, ಪಾತ್ರೆ ತೊಳೆಯುವವಳು ಎಂಬ ಬಹುವಚನವಿದೆ, ಯಾರನ್ನು ಕೇಳದೆ ಬಿಟ್ಟೆವೋ ಅವರಿಗೆ ಯಂತ್ರವು ಕಷ್ಟವಾಗುತ್ತದೆ. ಕೊನೆಯದಾಗಿ, ಮನುಷ್ಯನ ದೌರ್ಬಲ್ಯವನ್ನು ಅರಿಯುವ ವಿದ್ಯೆಯು ಅವನ ಹಿತವನ್ನು ಬಯಸುವ ಬುದ್ಧಿಯಿಂದ ಬೇರೆಯಾದಾಗ ವಿದ್ಯೆಯಾಗಿ ಉಳಿಯುವುದಿಲ್ಲ, ಬೇಟೆಯಾಗುತ್ತದೆ.

ನಮ್ಮ ಹಳೆಯ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರನು ತನ್ನ ತಪ್ಪುಗಳನ್ನು ಮನ್ನಿಸಬೇಕೆಂದು ಓದುವವರನ್ನು ಬೇಡಿಕೊಳ್ಳುವ ಪದ್ಧತಿಯುಂಟು. ಆ ವಿನಯವು ಅವನಿಗೆ ಭೂಷಣ. ಆದರೆ ಬಾಗಿದ ಬೆನ್ನು, ಮಂದವಾದ ಬೆಳಕು, ಹೋಲುವ ಅಕ್ಷರಗಳು, ಸವೆದ ಮೂಲಪ್ರತಿ, ಇವುಗಳ ಪಾಲಿನ ದೋಷವನ್ನೂ ಅವನೇ ಹೊತ್ತುಕೊಂಡನೆಂಬುದನ್ನು ಪರಿಷ್ಕರಿಸುವವನು ಬಲ್ಲನು. ಇಂದು ಬ್ಯಾಂಕಿನ ತೆರೆಯ ಮುಂದೆ ನಿಂತು ‘ನನಗಿದು ತಿಳಿಯದು, ನಾನು ದಡ್ಡ’ ಎಂದು ಹೇಳಿಕೊಳ್ಳುವ ಮುದುಕನೂ ಅಂಥದೇ ಕ್ಷಮಾಪಣೆಯನ್ನು ಬೇಡುತ್ತಿರುವನು. ಅದನ್ನು ಸ್ವೀಕರಿಸುವ ಮುನ್ನ, ಅವನು ಬೇಡಬೇಕಾದ ಕಾರಣವುಂಟೆ ಎಂದು ವಿಚಾರಿಸುವುದೇ ಈ ಶಾಸ್ತ್ರದ ಕರ್ತವ್ಯ.